ಮರದಲ್ಲಿ ಕೂತ ಜೇನು ಪೆಟ್ಟಿಗೆಯಲ್ಲಿ ನಿಲ್ಲಬೇಕಾದರೆ

‘ಕೊಂಬೆಗೆ ಜೇನುಹಿಂಡು ಬಂದು ಕೂತಿದೆ, ಪೆಟ್ಟಿಗೆಗೆ ತುಂಬುವುದು ಹೇಗೆ?’ ಹೂ ಬಿಡುವ ಕಾಲ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. ಕೇಳಿದವರಲ್ಲಿ ಹಲವರು ವಾರ ಕಳೆಯುವಷ್ಟರಲ್ಲಿ ಇನ್ನೊಂದು ಪ್ರಶ್ನೆ ತರುತ್ತಾರೆ: ‘ಚೆನ್ನಾಗಿಯೇ ತುಂಬಿದ್ದೆ, ಮೂರನೇ ದಿನ ನೋಡಿದರೆ ಪೆಟ್ಟಿಗೆ ಖಾಲಿ. ಎಲ್ಲಿ ತಪ್ಪಾಯಿತು?’ ಈ ಎರಡನೆಯ ಪ್ರಶ್ನೆಗೆ ಉತ್ತರ ತಿಳಿಯದೆ ಮೊದಲನೆಯದಕ್ಕೆ ಕೈ ಹಾಕಬೇಡಿ. ಹಿಂಡನ್ನು ಹಿಡಿಯುವುದು ಅರ್ಧ ಗಂಟೆಯ ಕೆಲಸ, ನಿಲ್ಲಿಸಿಕೊಳ್ಳುವುದು ಮೂರು ವಾರದ ಕೆಲಸ. ಅದಕ್ಕೇ ಇಲ್ಲಿ ಹಿಡಿಯುವುದಕ್ಕಿಂತ ಉಳಿಸಿಕೊಳ್ಳುವುದರ ಬಗ್ಗೆ ಹೆಚ್ಚು ಬರೆದಿದ್ದೇನೆ.

ಕಂಡದ್ದು ಹಿಂಡೋ, ಗೂಡೋ?

ಜೇನು ಕಂಡ ಕೂಡಲೇ ಮೊದಲು ನೋಡಬೇಕಾದದ್ದು ಇದು. ಕೊಂಬೆಯಿಂದ ನೊಣಗಳೇ ಒಂದಕ್ಕೊಂದು ಕಾಲು ಕೊಟ್ಟು ಗೊಂಚಲಾಗಿ ಜೋತಾಡುತ್ತಿದ್ದು, ಒಳಗೆ ಮೇಣದ ಎರಿ ಇಲ್ಲದಿದ್ದರೆ ಅದು ಹಿಂಡು. ಮರದ ಪೊಟರೆ, ಗೋಡೆಯ ಸಂದು, ಹುತ್ತ ಇಂಥ ಕಡೆ ಎರಿ ಕಟ್ಟಿ ಮೊಟ್ಟೆ, ಮರಿ, ಜೇನು ಎಲ್ಲವನ್ನೂ ಇಟ್ಟುಕೊಂಡಿದ್ದರೆ ಅದು ಗೂಡು. ಇವೆರಡರ ಸ್ವಭಾವ ಬೇರೆ, ಹಿಡಿಯುವ ಕ್ರಮವೂ ಬೇರೆ.

ಹಿಂಡು ಎರಡು ಕಾರಣಕ್ಕೆ ಹೊರಡುತ್ತದೆ. ಒಂದು, ಪಾಲಾಗುವುದು. ಕುಟುಂಬ ತುಂಬಿ ತುಳುಕಿದಾಗ ಹಳೆಯ ರಾಣಿ ಅರ್ಧಕ್ಕಿಂತ ಹೆಚ್ಚು ಕೆಲಸಗಾರ ನೊಣಗಳೊಂದಿಗೆ ಹೊರಬೀಳುತ್ತಾಳೆ. ಹುಟ್ಟಲಿರುವ ಹೊಸ ರಾಣಿಗೆ ಹಳೆಯ ಗೂಡು ಉಳಿಯುತ್ತದೆ. ಇನ್ನೊಂದು, ಪರಾರಿಯಾಗುವುದು. ಇರುವೆ, ಎರಿ ತಿನ್ನುವ ಮೇಣದ ಹುಳು, ಬಿಸಿಲು, ಹಸಿವು ಅಥವಾ ಮನುಷ್ಯರ ಕಾಟದಿಂದ ಇಡೀ ಕುಟುಂಬವೇ ಗೂಡು ತೊರೆಯುವುದು. ಪಾಲಾದ ಹಿಂಡು ಹೊರಡುವ ಮುನ್ನ ಹೊಟ್ಟೆ ತುಂಬ ಜೇನು ಕುಡಿದಿರುತ್ತದೆ, ಕಾಯಬೇಕಾದ ಮರಿಗಳೂ ಇಲ್ಲ. ಹಾಗಾಗಿ ಅದು ಸಾಮಾನ್ಯವಾಗಿ ಸೌಮ್ಯ. ಆದರೆ ಮಳೆಗೆ ಸಿಕ್ಕಿ ಎರಡು ಮೂರು ದಿನ ಅಲ್ಲೇ ಕೂತ ಹಿಂಡಿಗೆ ಹೊಟ್ಟೆ ಖಾಲಿಯಾಗಿರುತ್ತದೆ, ಸಿಟ್ಟೂ ಬಂದಿರುತ್ತದೆ. ‘ಹಿಂಡು ಚುಚ್ಚುವುದಿಲ್ಲ’ ಎಂಬ ಮಾತನ್ನು ನಂಬಿ ಬರಿಮೈಯಲ್ಲಿ ಹೋಗಬೇಡಿ.

ಕೊಂಬೆಯ ಮೇಲಿನ ಬಿಡಾರ ತಾತ್ಕಾಲಿಕ. ಕೆಲವು ಗಂಟೆಯಿಂದ ಒಂದೆರಡು ದಿನ, ಅಷ್ಟೇ. ಅಷ್ಟರಲ್ಲಿ ಹುಡುಕಾಟಕ್ಕೆ ಹೋದ ನೊಣಗಳು ಹೊಸ ಮನೆ ನೋಡಿಕೊಂಡು ಬಂದು ಹಿಂಡಿನ ಮೇಲೆ ಕುಣಿದು ಅದರ ದಿಕ್ಕು, ದೂರ ತಿಳಿಸುತ್ತವೆ. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ಮ್ಯೂನಿಕ್‌ನಲ್ಲಿ ಜೇನು ವಿಜ್ಞಾನಿ ಮಾರ್ಟಿನ್ ಲಿಂಡಾವರ್ ಇದನ್ನು ಗಮನಿಸಿದರು. ಹಿಂಡಿನ ಮೇಲೆ ಕುಣಿಯುತ್ತಿದ್ದ ನೊಣಗಳ ಮೈಯಲ್ಲಿ ಪರಾಗವಿರಲಿಲ್ಲ. ಮಸಿ, ಇಟ್ಟಿಗೆ ಪುಡಿ ಮೆತ್ತಿತ್ತು. ಅವು ಹೂವಿಗಲ್ಲ, ಮನೆ ನೋಡಲು ಹೋಗಿದ್ದವು. ನಿಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ನೀವು ನೋಡುವ ಹೊತ್ತಿಗೆ ಹಿಂಡು ಆಗಲೇ ಮನೆ ಹುಡುಕುತ್ತಿದೆ. ನಾಳೆ ಬೆಳಿಗ್ಗೆ ನೋಡೋಣ ಎಂದರೆ ಬಹುಪಾಲು ಬರಿ ಕೊಂಬೆಯನ್ನೇ ನೋಡುತ್ತೀರಿ.

ಪೆಟ್ಟಿಗೆಗೆ ಬರುವ ಜೇನು ಯಾವುದು?

ತುಡುವೆ ಜೇನು ಬರುತ್ತದೆ. ಕತ್ತಲಿರುವ ಜಾಗದಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿ ಕಟ್ಟುವುದು ಅದರ ಹುಟ್ಟುಗುಣ. ಸಾಕಣೆಯ ಮೆಲ್ಲಿಫೆರಾ ಜೇನು, ಅಂದರೆ ಯುರೋಪಿನ ಮೂಲದ ದೊಡ್ಡ ಜೇನು ಕೂಡ ಹೀಗೆಯೇ.

ಹೆಜ್ಜೇನು ಬರುವುದಿಲ್ಲ. ಅದು ತೆರೆದ ಬಯಲಲ್ಲಿ ಒಂದೇ ಒಂದು ದೊಡ್ಡ ಎರಿ ಕಟ್ಟಿ, ಕಾಲಕ್ಕೆ ತಕ್ಕಂತೆ ವಲಸೆ ಹೋಗುವ ಜೇನು. ಪೆಟ್ಟಿಗೆಯೊಳಗೆ ಅದು ನಿಲ್ಲದು, ಕೆರಳಿದರೆ ಗುಂಪಾಗಿ ಬಹುದೂರ ಅಟ್ಟಿಸಿಕೊಂಡು ಬರುತ್ತದೆ. ಹೆಜ್ಜೇನಿಗೆ ಕಲಿಕೆಯ ಹಂತದಲ್ಲಿರುವವರು ಕೈ ಹಾಕಲೇಬಾರದು. ಪೊದೆಯ ಕಡ್ಡಿಗೆ ಅಂಗೈಯಗಲದ ಒಂದೇ ಎರಿ ಕಟ್ಟುವ ಕೋಲುಜೇನೂ ಪೆಟ್ಟಿಗೆಯದಲ್ಲ, ಇದ್ದಲ್ಲೇ ಬಿಡಿ. ಚುಚ್ಚದ ಮುಜಂಟಿ ಜೇನನ್ನು ಸಾಕಬಹುದು, ಆದರೆ ಅದರ ಗೂಡಿನ ರಚನೆಯೇ ಬೇರೆ. ಈ ಲೇಖನದ ಕ್ರಮ ಅದಕ್ಕೆ ಹೊಂದುವುದಿಲ್ಲ.

ಇನ್ನೊಂದು ಮಾತು. ಯಾರಿಗೂ ತೊಂದರೆ ಕೊಡದೆ ದೊಡ್ಡ ಮರದ ಪೊಟರೆಯಲ್ಲಿ ವರ್ಷಗಟ್ಟಲೆ ಇರುವ ಗೂಡನ್ನು ಪೆಟ್ಟಿಗೆಯ ಆಸೆಗೆ ಕೀಳಬೇಡಿ. ಮರ ಸೀಳಿದರೆ ಆ ಪೊಟರೆ ಮುಂದಿನ ಯಾವ ಜೇನಿಗೂ ಉಳಿಯುವುದಿಲ್ಲ. ಅಂಥ ಗೂಡು ಪ್ರತಿ ಹಂಗಾಮಿನಲ್ಲೂ ಪಾಲಾಗಿ ನಿಮಗೆ ಹಿಂಡು ಕೊಡುತ್ತಲೇ ಇರುತ್ತದೆ, ಅದನ್ನು ಹಿಡಿದರೆ ಸಾಕು. ಕೆಡವಲಿರುವ ಗೋಡೆ, ಕಡಿಯಲಿರುವ ಮರ, ಜನ ವಿಷ ಹೊಡೆಯಲು ಹೊರಟ ಜಾಗ ಇಂಥ ಕಡೆಯ ಗೂಡುಗಳನ್ನು ಮಾತ್ರ ಎತ್ತಿ ತನ್ನಿ. ಜಾಗದ ಒಡೆಯರ ಒಪ್ಪಿಗೆ ಮೊದಲೇ ಪಡೆಯಿರಿ. ಸಂರಕ್ಷಿತ ಕಾಡಿನಲ್ಲಿ ಅನುಮತಿ ಇಲ್ಲದೆ ಯಾವ ಗೂಡನ್ನೂ ಮುಟ್ಟಬೇಡಿ. ಗೂಡಿಗೆ ಆಗಲೇ ಯಾರಾದರೂ ಕೀಟನಾಶಕ ಸಿಂಪಡಿಸಿದ್ದರೆ ಅದನ್ನು ಉಳಿಸಿಕೊಳ್ಳಲಾಗದು. ಅದರ ಜೇನನ್ನು ನೀವೂ ತಿನ್ನಬೇಡಿ, ಬೇರೆ ಜೇನಿಗೂ ಕೊಡಬೇಡಿ.

ಮುಳ್ಳಿನ ವಿಷಯ ಮೊದಲೇ ತಿಳಿದಿರಲಿ

ನೊಣ ಚುಚ್ಚಿದ ಜಾಗದಲ್ಲಿ ಮುಳ್ಳು ಉಳಿದು, ಅದಕ್ಕಂಟಿದ ಚೀಲದಿಂದ ವಿಷ ಇಳಿಯುತ್ತಲೇ ಇರುತ್ತದೆ. ಉಗುರಿನಿಂದ ಕೆರೆದೋ ಕಿತ್ತೋ, ಹೇಗಾದರೂ ಸರಿ, ಕೂಡಲೇ ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದೇ ಮುಖ್ಯ. ಚುಚ್ಚಿದ ಜಾಗದಿಂದ ಹಣ್ಣು ಬಾಳೆಯಂಥ ವಾಸನೆ ಬರುತ್ತದೆ, ಅದು ಉಳಿದ ನೊಣಗಳಿಗೆ ‘ಇಲ್ಲಿ ಚುಚ್ಚಿ’ ಎಂಬ ಕರೆ. ಆ ಜಾಗಕ್ಕೆ ಹೊಗೆ ಹಿಡಿದು ವಾಸನೆ ಮರೆಸಿ. ಬಾಳೆಹಣ್ಣು ತಿಂದುಕೊಂಡು ಈ ಕೆಲಸಕ್ಕೆ ಹೋಗಬಾರದು ಎನ್ನುವುದೂ ಇದಕ್ಕೇ.

ಊತ, ಉರಿ, ತುರಿಕೆ ಚುಚ್ಚಿದ ಜಾಗದಲ್ಲೇ ಇದ್ದರೆ ಹೆದರಬೇಕಿಲ್ಲ. ಮೈತುಂಬ ದದ್ದು, ತುಟಿ ನಾಲಿಗೆ ಊದುವುದು, ಉಸಿರು ಕಟ್ಟುವುದು, ತಲೆ ಸುತ್ತು ಇವು ಅಲರ್ಜಿಯ ಅಪಾಯದ ಸೂಚನೆಗಳು. ಒಂದೇ ನೊಣ ಚುಚ್ಚಿದರೂ ಹೀಗಾಗಬಹುದು. ಇದಕ್ಕೆ ಮೊದಲ ಮದ್ದು ಅಡ್ರಿನಾಲಿನ್ ಚುಚ್ಚುಮದ್ದು. ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಲರ್ಜಿ ಇಲ್ಲದವರಿಗೂ ಹತ್ತಾರು ನೊಣ ಒಟ್ಟಿಗೆ ಚುಚ್ಚಿದರೆ ವೈದ್ಯರನ್ನು ಕಾಣಲೇಬೇಕು. ಹಿಂದೆ ಅಲರ್ಜಿ ಕಂಡವರು ಈ ಕೆಲಸಕ್ಕೆ ಬರಬಾರದು. ಯಾರೂ ಒಬ್ಬರೇ ಹೋಗಬಾರದು.

ಮುಳ್ಳಿಗಿಂತ ಹೆಚ್ಚು ಅಪಾಯ ಏಣಿಯದು. ಎತ್ತರದಲ್ಲಿದ್ದಾಗ ಮುಖದ ಮೇಲೆ ಒಂದು ನೊಣ ಕೂತರೆ ಕೈ ತಾನಾಗಿ ಏಣಿ ಬಿಡುತ್ತದೆ. ಏಣಿ ಹಿಡಿಯಲು ಒಬ್ಬರು ಇಲ್ಲದಿದ್ದರೆ, ಅಥವಾ ಕೊಂಬೆಯ ಹತ್ತಿರ ವಿದ್ಯುತ್ ತಂತಿ ಹಾದುಹೋಗಿದ್ದರೆ, ಆ ಹಿಂಡನ್ನು ಬಿಟ್ಟುಬಿಡಿ.

ಸಿದ್ಧವಾಗಿರಬೇಕಾದ ಸಾಮಾನು

ಹಿಂಡು ಕಂಡ ಮೇಲೆ ಪೆಟ್ಟಿಗೆ ಹುಡುಕಲು ಹೊರಟರೆ ಆಗುವ ಕೆಲಸವಲ್ಲ. ಹಂಗಾಮಿಗೆ ಮುಂಚೆಯೇ ಇವನ್ನು ಜೋಡಿಸಿಡಿ: ಚೌಕಟ್ಟುಗಳಿರುವ ಜೇನುಪೆಟ್ಟಿಗೆ (ಸದ್ಯಕ್ಕೆ ಸಂಸಾರ ಕೋಣೆ ಸಾಕು, ರಾಣಿ ಮೊಟ್ಟೆಯಿಟ್ಟು ಮರಿ ಬೆಳೆಯುವ ಕೆಳಗಿನ ಕೋಣೆಗೆ ಈ ಹೆಸರು), ಮುಖದ ಪರದೆ, ಕೈಗವಸು, ತೆಂಗಿನ ನಾರು ಹಾಕಿದ ಹೊಗೆ ತಿದಿ, ನೀರು ಚಿಮುಕಿಸುವ ಬಾಟಲಿ, ಮೆತ್ತನೆಯ ಬ್ರಷ್ ಅಥವಾ ಎಲೆಗೊಂಚಲು, ಬಿಳಿ ಬಟ್ಟೆ, ಚೂರಿ, ಬಾಳೆನಾರು ಅಥವಾ ಹತ್ತಿ ದಾರ, ರಾಣಿಯನ್ನು ಕೂಡಿಡಲು ಬೆರಳುದ್ದದ ಜಾಲರಿ ಡಬ್ಬಿ, ರಾಣಿ ತಡೆ. ಕೊನೆಯದೆಂದರೆ ಪೆಟ್ಟಿಗೆಯ ಬಾಗಿಲಿಗೆ ಹಾಕುವ ತಗಡು. ಅದರ ಸಂದಿನಲ್ಲಿ ಕೆಲಸಗಾರ ನೊಣ ನುಸುಳುತ್ತದೆ, ಮೈ ದೊಡ್ಡದಾದ ರಾಣಿ ನುಸುಳಲಾರಳು.

ಪೆಟ್ಟಿಗೆಯ ಅಳತೆಯಲ್ಲಿ ಮೋಸಹೋಗಬೇಡಿ. ಎರಿಯಿಂದ ಎರಿಗೆ ಜೇನು ಬಿಡುವ ಸಂದು ಇಷ್ಟೇ ಎಂದು ನಿಗದಿ ಇದೆ. ಅಮೆರಿಕದ ಜೇನು ಸಾಕಣೆಗಾರ ಲ್ಯಾಂಗ್‌ಸ್ಟ್ರೋತ್ 1851ರಲ್ಲಿ ಈ ಸಂದಿನ ಮಹತ್ವ ಕಂಡುಕೊಂಡದ್ದರಿಂದಲೇ ಚೌಕಟ್ಟನ್ನು ಎತ್ತಿ ನೋಡಬಹುದಾದ ಪೆಟ್ಟಿಗೆ ಹುಟ್ಟಿತು. ಸಂದು ಹೆಚ್ಚಾದರೆ ಅಲ್ಲಿ ಅಡ್ಡ ಎರಿ ಕಟ್ಟುತ್ತವೆ, ಕಡಿಮೆಯಾದರೆ ನೊಣ ಓಡಾಡಲಾಗದು. ತುಡುವೆ ಮೆಲ್ಲಿಫೆರಾಗಿಂತ ಚಿಕ್ಕದು, ಆದ್ದರಿಂದ ತುಡುವೆಗೆ ತುಡುವೆಯ ಪೆಟ್ಟಿಗೆಯೇ ಬೇಕು. ದೊಡ್ಡ ಪೆಟ್ಟಿಗೆಯಲ್ಲಿ ಸಣ್ಣ ಹಿಂಡು ಬೆಚ್ಚಗಿರಲು ಹೆಣಗಾಡುತ್ತದೆ. ಹೊಸ ಬಣ್ಣ, ವಾರ್ನಿಷ್ ವಾಸನೆಯ ಪೆಟ್ಟಿಗೆಯಿಂದ ಜೇನು ಎದ್ದುಹೋಗುವುದು ಖಂಡಿತ. ಒಳಗೋಡೆಗೆ ಎಂದೂ ಬಣ್ಣ ಬಳಿಯದಿರಿ, ಜೇನುಮೇಣ ಕಾಯಿಸಿ ತಿಕ್ಕಿ.

ಹಿಂಡನ್ನು ಪೆಟ್ಟಿಗೆಗೆ ತರುವ ಕ್ರಮ

1. ಪೆಟ್ಟಿಗೆಯನ್ನು ಹಿಂಡಿನ ಕೆಳಗೆ, ನೆರಳಿನಲ್ಲಿ ಇಡಿ. ನಡುವಿನ ಮೂರು ನಾಲ್ಕು ಚೌಕಟ್ಟು ತೆಗೆದು ಜಾಗ ಮಾಡಿ. ನಿಮ್ಮ ಬಳಿ ಆರೋಗ್ಯವಾಗಿರುವ ಇನ್ನೊಂದು ಕುಟುಂಬವಿದ್ದರೆ ಅದರಿಂದ ಎಳೆಮರಿ ಇರುವ ಒಂದು ಎರಿಯನ್ನು ನೊಣ ಝಾಡಿಸಿ ತಂದು ಪೆಟ್ಟಿಗೆಯಲ್ಲಿಡಿ. ಎಳೆಮರಿ ಎಂದರೆ ಇನ್ನೂ ಮುಚ್ಚಳ ಬೀಳದ ಕೋಶಗಳಲ್ಲಿರುವ ಬಿಳಿ ಹುಳು. ಈ ಒಂದು ಎರಿ ಹತ್ತು ಉಪಾಯಕ್ಕೆ ಸಮ: ಹಸಿದ ಮರಿಯನ್ನು ಬಿಟ್ಟು ಹೋಗಲು ಜೇನಿಗೆ ಮನಸ್ಸು ಬಾರದು. ತುಡುವೆಗೆ ತುಡುವೆಯ ಎರಿಯನ್ನೇ ಕೊಡಬೇಕು. ಬೇರೆ ಜಾತಿಯದು ಕೊಟ್ಟರೆ ಕೋಶದ ಅಳತೆ ಹೊಂದದು, ರೋಗವೂ ಉಣ್ಣಿಯೂ ದಾಟುತ್ತವೆ. ಜೇನುನೊಣದ ಮೈಗಂಟಿ ಬದುಕುವ ವರೋವಾ ಉಣ್ಣಿ ತುಡುವೆಯಿಂದ ಮೆಲ್ಲಿಫೆರಾಗೆ ದಾಟಿದ್ದು ಎರಡನ್ನೂ ಅಕ್ಕಪಕ್ಕ ಇಟ್ಟದ್ದರಿಂದಲೇ.

2. ಹಿಂಡಿಗೆ ನೀರನ್ನು ಮಂಜಿನಂತೆ ಚಿಮುಕಿಸಿ, ತೋಯಿಸಬೇಡಿ. ರೆಕ್ಕೆ ತುಸು ತೇವವಾದರೆ ನೊಣಗಳು ಏಳದೆ ಇನ್ನಷ್ಟು ಒತ್ತಾಗಿ ಕೂರುತ್ತವೆ. ಹಿಂಡಿಗೆ ಹೊಗೆ ಬೇಕಾಗುವುದು ಕಡಿಮೆ. ಹೊಗೆ ಜಾಸ್ತಿಯಾದರೆ ಹಿಂಡು ಚದುರಿ ಇನ್ನೂ ಎತ್ತರದ ಕೊಂಬೆಗೆ ಹೋಗುತ್ತದೆ. ಎಲ್ಲರೂ ಮಾಡುವ ಮೊದಲ ತಪ್ಪು ಇದೇ.

3. ಕೊಂಬೆ ಸಣ್ಣದಾಗಿದ್ದರೆ ಹಿಡಿದುಕೊಂಡೇ ಮೆಲ್ಲಗೆ ಕತ್ತರಿಸಿ ಹಿಂಡಿನ ಸಮೇತ ಪೆಟ್ಟಿಗೆಗೆ ತನ್ನಿ. ಕತ್ತರಿಸಲಾಗದಿದ್ದರೆ ಪೆಟ್ಟಿಗೆಯನ್ನೋ ಬುಟ್ಟಿಯನ್ನೋ ಹಿಂಡಿಗೆ ತಾಗುವಷ್ಟು ಹತ್ತಿರ ಹಿಡಿದು ಕೊಂಬೆಯನ್ನು ಒಮ್ಮೆ ಜೋರಾಗಿ ಕೊಡವಿ. ಅರೆಮನಸ್ಸಿನಿಂದ ನಾಲ್ಕು ಸಲ ಅಲ್ಲಾಡಿಸಿದರೆ ನೊಣ ಏಳುವುದೇ ಹೊರತು ಬೀಳುವುದಿಲ್ಲ. ಕಂಬ, ಗೋಡೆ, ದಪ್ಪ ಕಾಂಡದ ಮೇಲೆ ಕೂತಿದ್ದರೆ ಮೇಲಿನಿಂದ ಪೆಟ್ಟಿಗೆಯನ್ನೋ ಮರಿ ಎರಿಯನ್ನೋ ತೋರಿಸಿ ಕಾಯಿರಿ. ಜೇನು ಕತ್ತಲಿರುವ ಕಡೆಗೆ, ಮೇಲ್ಮುಖವಾಗಿ ನಡೆಯುತ್ತದೆ. ಕೆಳಗಿನಿಂದ ಒಂದಿಷ್ಟು ಹೊಗೆ ಕೊಟ್ಟರೆ ಬೇಗ ಹತ್ತುತ್ತದೆ.

4. ಚೌಕಟ್ಟುಗಳನ್ನು ಮೆಲ್ಲಗೆ ಇಳಿಸಿ. ನೊಣಗಳ ಮೇಲೆ ಒತ್ತಬೇಡಿ, ಅವು ಸರಿದು ತಾವೇ ಜಾಗ ಕೊಡುತ್ತವೆ. ಒತ್ತಿದಾಗ ಸಾಯುವುದು ರಾಣಿಯೇ ಆಗಿದ್ದರೆ ಅಲ್ಲಿಗೆ ಮುಗಿಯಿತು. ಮುಚ್ಚಳ ಹಾಕಿ, ಬಾಗಿಲು ತೆರೆದಿಟ್ಟು, ಬಾಗಿಲ ಮುಂದೆ ಬಿಳಿ ಬಟ್ಟೆ ಹಾಸಿ.

5. ಈಗ ಬಾಗಿಲನ್ನೇ ನೋಡುತ್ತ ಕೂರಿ. ಕೆಲವು ನೊಣಗಳು ಹಿಂಭಾಗ ಎತ್ತಿ ರೆಕ್ಕೆ ಬೀಸುತ್ತಿದ್ದು, ಉಳಿದವು ಮೆರವಣಿಗೆಯಂತೆ ಒಳಗೆ ನಡೆಯುತ್ತಿದ್ದರೆ ರಾಣಿ ಒಳಗಿದ್ದಾಳೆ. ಹಿಂಭಾಗದ ಗ್ರಂಥಿಯಿಂದ ಅವು ಕರೆಯುವ ವಾಸನೆ ಬೀಸುತ್ತಿವೆ. ಒಳಗಿದ್ದವು ಹೊರಬಂದು ಮತ್ತೆ ಕೊಂಬೆಯಲ್ಲಿ ಮುದ್ದೆಕಟ್ಟತೊಡಗಿದರೆ ರಾಣಿ ಅಲ್ಲೇ ಉಳಿದಿದ್ದಾಳೆ. ಗಾಬರಿಯಾಗದೆ ಮತ್ತೊಮ್ಮೆ ಕೊಡವಿ. ರಾಣಿ ಕಣ್ಣಿಗೆ ಬಿದ್ದರೆ (ಉದ್ದನೆಯ ಮೈ, ಹೊಟ್ಟೆಯ ತುದಿಗೆ ಮುಟ್ಟದ ಗಿಡ್ಡ ರೆಕ್ಕೆ) ಜಾಲರಿ ಡಬ್ಬಿಗೆ ಸೇರಿಸಿ ಎರಡು ಚೌಕಟ್ಟುಗಳ ನಡುವೆ ತೂಗುಹಾಕಿ. ಉಳಿದ ನೊಣಗಳು ತಾವಾಗಿ ಬರುತ್ತವೆ. ಮಾರನೇ ದಿನ ಸಂಜೆ ಅವಳನ್ನು ಬಿಡಿ.

6. ಕತ್ತಲಾಗುವವರೆಗೆ ಪೆಟ್ಟಿಗೆಯನ್ನು ಅಲ್ಲೇ ಬಿಡಿ. ಹುಡುಕಾಟಕ್ಕೆ ಹೋದ ನೊಣಗಳು ಹಿಂತಿರುಗಬೇಕು. ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಬಡಿದು, ಗಾಳಿಯಾಡುವಂತೆ ನೋಡಿಕೊಂಡು ಒಯ್ಯಿರಿ. ಹಗಲಿಡೀ ಬಿಡಲು ಧೈರ್ಯ ಬಾರದೆ ಮಧ್ಯಾಹ್ನವೇ ಹೊತ್ತುಕೊಂಡು ಹೋದರೆ ಒಂದಷ್ಟು ನೊಣಗಳು ಅನಾಥವಾಗುತ್ತವೆ.

ಎರಿ ಕಟ್ಟಿದ ಗೂಡಾದರೆ

ಇದು ಹೆಚ್ಚು ಕಷ್ಟದ ಕೆಲಸ, ಅನುಭವಿಗಳ ಜೊತೆ ಒಂದೆರಡು ಸಲ ಮಾಡಿದ ಮೇಲೆ ಸ್ವಂತ ಮಾಡಿ. ಕಾಯಬೇಕಾದ ಮರಿಯೂ ಜೇನೂ ಇರುವುದರಿಂದ ಇಲ್ಲಿ ನೊಣಗಳು ಸುಮ್ಮನಿರುವುದಿಲ್ಲ. ಬಿಸಿಲು ಇಳಿದ ಮೇಲೆ, ಸಂಜೆಗೆ ಒಂದೆರಡು ಗಂಟೆ ಇರುವಾಗ ಶುರುಮಾಡಿ.

1. ಬಾಗಿಲಿಗೆ ತಣ್ಣನೆಯ ಬಿಳಿ ಹೊಗೆ ನಾಲ್ಕಾರು ಸಲ ಕೊಟ್ಟು ಎರಡು ನಿಮಿಷ ಬಿಡಿ. ಹೊಗೆ ಕಂಡ ಜೇನು ಹೊಟ್ಟೆಗೆ ಜೇನು ತುಂಬಿಕೊಳ್ಳುತ್ತದೆ, ಆಮೇಲೆ ಸಾವಧಾನವಾಗಿರುತ್ತದೆ. ಸಂದು ಅಗಲಿಸಿ ಎರಿಗಳು ಕಾಣುವಂತೆ ಮಾಡಿ.

2. ಅಂಚಿನಿಂದ ಒಂದೊಂದೇ ಎರಿಯನ್ನು ಬುಡದಲ್ಲಿ ಕತ್ತರಿಸಿ, ನೊಣಗಳನ್ನು ಪೆಟ್ಟಿಗೆಯೊಳಕ್ಕೆ ಗುಡಿಸಿ. ಮರಿ ಇರುವ ಎರಿ ಬೇರೆ, ಜೇನಿನ ಎರಿ ಬೇರೆ ಮಾಡಿ. ಪ್ರತಿ ಎರಿಯಲ್ಲೂ ರಾಣಿಯನ್ನು ಹುಡುಕಿ, ಸಿಕ್ಕರೆ ಡಬ್ಬಿಗೆ ಹಾಕಿ.

3. ಮರಿ ಎರಿಯನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ, ಮೇಲಿನ ಪಟ್ಟಿಗೆ ತಾಗುವಂತೆ ಕೂರಿಸಿ ಬಾಳೆನಾರಿನಿಂದ ಕಟ್ಟಿ. ಗೂಡಿನಲ್ಲಿ ಯಾವುದು ಮೇಲಿತ್ತೋ ಅದೇ ಮೇಲಿರಬೇಕು. ಕೋಶಗಳು ತುಸು ಮೇಲ್ಮುಖವಾಗಿ ಓರೆಯಿರುತ್ತವೆ, ತಲೆಕೆಳಗಾದರೆ ಒಳಗಿನದು ಸೋರುತ್ತದೆ. ಒಂದೆರಡು ದಿನದಲ್ಲಿ ನೊಣಗಳು ಮೇಣ ಬೆಸೆದು, ಆಮೇಲೆ ನಾರನ್ನು ಕಡಿದು ಬಾಗಿಲಿಗೆ ಎಳೆದುಹಾಕುತ್ತವೆ. ಬಾಗಿಲಲ್ಲಿ ನಾರಿನ ಎಳೆ ಬಿದ್ದದ್ದು ಕಂಡರೆ ನಾನು ಸಮಾಧಾನದಿಂದ ಮನೆಗೆ ಹೋಗುತ್ತೇನೆ. ಹೊಸ ಮನೆಯನ್ನು ಅವು ಚೊಕ್ಕಟ ಮಾಡತೊಡಗಿವೆ ಎಂದರ್ಥ.

4. ಇದನ್ನು ಬೇಗ ಮುಗಿಸಬೇಕು. ಮರಿಗಳನ್ನು ನೊಣಗಳು 34ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಾಪಾಡುತ್ತವೆ. ಹೊರಗೆ ಬಹಳ ಹೊತ್ತು ಇಟ್ಟರೆ ತಣಿದು ಸಾಯುತ್ತವೆ, ಬಿಸಿಲಿಗಿಟ್ಟರೆ ಮೇಣವೇ ಕುಸಿಯುತ್ತದೆ.

5. ಜೇನಿನ ಎರಿಯನ್ನು ಪೆಟ್ಟಿಗೆಯಲ್ಲಿ ಕಟ್ಟಬೇಡಿ. ‘ಪಾಪ, ಅವುಗಳ ಆಹಾರ’ ಎಂದು ಕನಿಕರದಿಂದ ಕಟ್ಟುವವರು ಬಹಳ. ಭಾರಕ್ಕೆ ಅದು ಕಳಚಿಬಿದ್ದು ಸೋರುತ್ತದೆ, ಸೋರಿದ ಜೇನಿಗೆ ರಾತ್ರಿಯೇ ಇರುವೆ ಮುತ್ತುತ್ತದೆ, ಬೆಳಗಾಗುವುದರೊಳಗೆ ಕುಟುಂಬ ಎದ್ದಿರುತ್ತದೆ. ಆಹಾರ ಬೇರೆ ರೀತಿ ಕೊಡೋಣ.

6. ಪೆಟ್ಟಿಗೆಯ ಬಾಗಿಲು ಹಳೆಯ ಗೂಡಿನ ಬಾಗಿಲಿದ್ದ ಜಾಗಕ್ಕೇ ಬರುವಂತೆ ಇಟ್ಟು, ಹಳೆಯ ಸಂದನ್ನು ಮುಚ್ಚಿ. ಕತ್ತಲಾದ ಮೇಲೆ ಒಯ್ಯಿರಿ. ಹಿಂಡಿಗೆ ಹಳೆಯ ಜಾಗದ ನೆನಪಿನ ಹಂಗಿಲ್ಲ, ಎಲ್ಲಿ ಇಟ್ಟರೂ ಸರಿ. ಗೂಡಿನ ನೊಣಕ್ಕೆ ಹಾಗಲ್ಲ. ನಾಲ್ಕು ಹೆಜ್ಜೆ ಆಚೆ ಇಟ್ಟರೆ ಮೇಯಲು ಹೋದವು ಹಳೆಯ ಜಾಗಕ್ಕೇ ಮರಳುತ್ತವೆ. ತುಡುವೆಯನ್ನು ಎರಡು ಕಿಲೋಮೀಟರಿಗಿಂತ, ಮೆಲ್ಲಿಫೆರಾವನ್ನು ಮೂರು ನಾಲ್ಕು ಕಿಲೋಮೀಟರಿಗಿಂತ ದೂರ ಒಯ್ದು, ಕೆಲವು ವಾರದ ನಂತರ ಬೇಕಾದಲ್ಲಿಗೆ ತರುವುದು ಸರಿಯಾದ ಕ್ರಮ.

ಮರಿಗಳ ಮೇಲೆ ಒಂದು ಕಣ್ಣಿರಲಿ. ಕೋಶದಲ್ಲಿ ಮರಿ ಸತ್ತು, ತಲೆ ಮೇಲೆತ್ತಿ, ನೀರು ತುಂಬಿದ ಚೀಲದಂತೆ ಎಳೆದರೆ ಬರುತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿಹಾಕಿದ್ದು ಇದೇ. ಅಂಥ ಎರಿಯನ್ನು ನಿಮ್ಮ ಬೇರೆ ಪೆಟ್ಟಿಗೆಗಳ ಹತ್ತಿರ ತರಬೇಡಿ.

ಮೊದಲ ಮೂರು ವಾರ

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ.

ಪೆಟ್ಟಿಗೆಯನ್ನು ಮಧ್ಯಾಹ್ನದ ಬಿಸಿಲು ಬೀಳದ, ಬೆಳಗಿನ ಬೆಳಕು ಬೀಳುವ ಕಡೆ, ಸೊಂಟದೆತ್ತರದ ಸ್ಟ್ಯಾಂಡಿನ ಮೇಲಿಡಿ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿ. ಬಟ್ಟಲಿನ ನೀರು ಬತ್ತಿದ ಒಂದು ರಾತ್ರಿ ಸಾಕು ಇರುವೆಗೆ. ಸ್ಟ್ಯಾಂಡಿಗೆ ತಾಗಿದ ಒಂದು ಹುಲ್ಲುಕಡ್ಡಿಯೂ ಅದಕ್ಕೆ ಸೇತುವೆ. ಎದ್ದುಹೋದ ಕುಟುಂಬಗಳ ಬಗ್ಗೆ ವಿಚಾರಿಸಿದಾಗ ನನಗೆ ಹೆಚ್ಚು ಸಲ ಸಿಕ್ಕ ಕಾರಣ ಇದು.

ಅದೇ ರಾತ್ರಿ ಸಕ್ಕರೆ ಪಾಕ ಕೊಡಿ. ತೂಕದಲ್ಲಿ ಒಂದು ಪಾಲು ಸಕ್ಕರೆಗೆ ಒಂದು ಪಾಲು ಬಿಸಿನೀರು ಕರಗಿಸಿ, ಆರಿಸಿ, ಬಟ್ಟಲಿಗೆ ಹಾಕಿ, ನೊಣ ಮುಳುಗದಂತೆ ಕಡ್ಡಿಗಳನ್ನು ತೇಲಿಬಿಟ್ಟು ಪೆಟ್ಟಿಗೆಯ ಒಳಗೇ ಇಡಿ. ಪಾಕವನ್ನು ಯಾವಾಗಲೂ ಕತ್ತಲಾದ ಮೇಲೆ, ಹೊರಗೆ ಒಂದು ತೊಟ್ಟೂ ಚೆಲ್ಲದಂತೆ ಕೊಡಬೇಕು. ಹಗಲು ಕೊಟ್ಟರೆ ಬೇರೆ ಜೇನು ದೋಚಲು ಬರುತ್ತದೆ. ಬೇರೆ ಕಡೆಯ ಜೇನುತುಪ್ಪವನ್ನು ಆಹಾರವಾಗಿ ಕೊಡಬೇಡಿ, ಅದರಲ್ಲಿ ರೋಗ ಬರಬಹುದು. ಹೊಸ ಎರಿ ಕಟ್ಟುವವರೆಗೆ ಪಾಕ ನಿಲ್ಲಿಸಬಾರದು. ಮೇಣ ಅವುಗಳ ಮೈಯಿಂದಲೇ ಬರಬೇಕು, ಅದಕ್ಕೆ ಬಹಳ ಸಿಹಿ ಬೇಕು.

ರಾಣಿ ತಡೆಯ ವಿಷಯದಲ್ಲಿ ಎಚ್ಚರ. ಬಾಗಿಲಿಗೆ ಅದನ್ನು ಹಾಕಿದರೆ ರಾಣಿ ಹೊರಗೆ ಹೋಗಲಾರಳು, ರಾಣಿ ಇಲ್ಲದೆ ಉಳಿದವೂ ಹೋಗವು. ನಾಲ್ಕೈದು ದಿನಕ್ಕೆ ಇದು ಒಳ್ಳೆಯ ಉಪಾಯ. ಅದರಾಚೆಗೆ ಕೇಡು: ಗಂಡುನೊಣಗಳು ಹೊರಬರಲಾಗದೆ ಸಂದಿಗೆ ಸಿಕ್ಕಿ ಸಾಯುತ್ತವೆ. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಮೊದಲ ಹಿಂಡು ಹೋದ ಕೆಲವು ದಿನಕ್ಕೆ ಅದೇ ಗೂಡಿನಿಂದ ಸಣ್ಣ ಹಿಂಡೊಂದು ಹೊರಡುವುದುಂಟು. ಅದರ ಜೊತೆ ಇರುವುದು ಹೊಸದಾಗಿ ಹುಟ್ಟಿದ, ಇನ್ನೂ ಗಂಡುನೊಣದ ಜೊತೆ ಕೂಡದ ಕನ್ನೆರಾಣಿ. ಅವಳು ಹಾರಿ ಹೋಗಿ ಆಕಾಶದಲ್ಲೇ ಕೂಡಿ ಬರಬೇಕು. ಒಮ್ಮೆ ಇಂಥ ಹಿಂಡಿಗೆ ನಾನು ಎರಡು ವಾರ ತಡೆ ಹಾಕಿಟ್ಟಿದ್ದೆ. ನಿಂತದ್ದೇನೋ ನಿಂತಿತು, ಆದರೆ ರಾಣಿ ಇಟ್ಟ ಮೊಟ್ಟೆಯೆಲ್ಲ ಗಂಡಾಗಿ, ತಿಂಗಳೊಳಗೆ ಕುಟುಂಬ ಕರಗಿಹೋಯಿತು. ಹಿಂಡು ಚಿಕ್ಕದಿದ್ದರೆ, ರಾಣಿ ಸಣ್ಣದಾಗಿ ಚುರುಕಾಗಿ ಓಡುತ್ತಿದ್ದರೆ ತಡೆ ಹಾಕಲೇಬೇಡಿ, ಮರಿ ಎರಿಯ ಮೇಲೆ ಭರವಸೆ ಇಡಿ.

ಮೊದಲ ಮೂರು ದಿನ ಮುಚ್ಚಳ ತೆರೆಯಬೇಡಿ, ಪಾಕ ಇಡುವಾಗ ಮತ್ತು ಡಬ್ಬಿಯ ರಾಣಿಯನ್ನು ಹೊರಬಿಡುವಾಗ ಹೊರತು. ಕುತೂಹಲ ತಡೆಯಲಾಗದು, ಗೊತ್ತು. ಬಾಗಿಲ ಪಕ್ಕ ಕೂತು ನೋಡಿ, ಬಹಳಷ್ಟು ಅಲ್ಲೇ ತಿಳಿಯುತ್ತದೆ. ಹಿಂಗಾಲಿಗೆ ಹಳದಿ, ಕಿತ್ತಳೆ ಬಣ್ಣದ ಪರಾಗದ ಉಂಡೆ ಕಟ್ಟಿಕೊಂಡು ನೊಣಗಳು ಬರುತ್ತಿದ್ದರೆ ಒಳಗೆ ಮರಿ ಸಾಕುವ ಏರ್ಪಾಡು ನಡೆದಿದೆ. ಐದನೇ ದಿನದ ಹೊತ್ತಿಗೆ ಒಮ್ಮೆ ತೆರೆದು, ಎರಿ ಚೌಕಟ್ಟಿನ ನೇರಕ್ಕೆ ಬರುತ್ತಿದೆಯೇ ನೋಡಿ. ಅಡ್ಡ ಹೋಗಿದ್ದರೆ ಮೇಣ ಇನ್ನೂ ಮೆತ್ತಗಿರುವಾಗಲೇ ಬೆರಳಲ್ಲಿ ಒತ್ತಿ ನೇರಮಾಡಿ. ಆಮೇಲೆ ಮಾಡಿದರೆ ಒಡೆಯುತ್ತದೆ.

ಒಂಬತ್ತು ಹತ್ತನೇ ದಿನ ಮೊಟ್ಟೆ ನೋಡಿ. ಸೂರ್ಯನಿಗೆ ಬೆನ್ನು ಹಾಕಿ, ಎರಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೋಶದ ತಳದಲ್ಲಿ ಬಿಳಿ ಅಕ್ಕಿನುಚ್ಚಿನಂತೆ ಕಾಣುತ್ತದೆ. ಕೋಶಕ್ಕೆ ಒಂದೊಂದೇ ಇದ್ದರೆ ರಾಣಿ ಚೆನ್ನಾಗಿದ್ದಾಳೆ. ಒಂದೇ ಕೋಶದಲ್ಲಿ ಎರಡು ಮೂರು, ಅದೂ ಗೋಡೆಗೆ ಅಂಟಿಕೊಂಡಿದ್ದರೆ, ರಾಣಿ ಇಲ್ಲ. ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ. ಅವುಗಳಿಂದ ಹುಟ್ಟುವುದು ಬರೀ ಗಂಡು. ತುಡುವೆಯಲ್ಲಿ ಇದು ಬಹಳ ಬೇಗ ಶುರುವಾಗುತ್ತದೆ, ಅಂಥ ಕುಟುಂಬವನ್ನು ರಾಣಿಯಿರುವ ಇನ್ನೊಂದಕ್ಕೆ ಸೇರಿಸುವುದೊಂದೇ ದಾರಿ. ಕನ್ನೆರಾಣಿ ಎಂಬ ಅನುಮಾನವಿದ್ದರೆ ಮಾತ್ರ ಮೂರು ವಾರ ಕಾಯಿರಿ.

ಈ ಅವಧಿಯಲ್ಲಿ ನೊಣಗಳ ಸಂಖ್ಯೆ ದಿನೇ ದಿನೇ ಇಳಿಯುವುದು ಕಂಡು ಹಲವರು ಕೈಚೆಲ್ಲುತ್ತಾರೆ. ಅದು ಸಹಜ. ಬಂದ ನೊಣಗಳು ವಯಸ್ಸಾಗಿ ಸಾಯುತ್ತಿವೆ, ಮೊಟ್ಟೆ ನೊಣವಾಗಿ ಹೊರಬರಲು ಸುಮಾರು ಮೂರು ವಾರ ಬೇಕು. ನಿಜವಾಗಿ ಆತಂಕಪಡಬೇಕಾದ ಲಕ್ಷಣ ಬೇರೆ: ಪರಾಗ ಬರುವುದು ನಿಂತಿದೆ, ಪಾಕ ಮುಟ್ಟುತ್ತಿಲ್ಲ, ಮೊಟ್ಟೆ ಕಾಣುತ್ತಿಲ್ಲ. ಇವು ಒಟ್ಟಿಗೆ ಕಂಡರೆ ಕುಟುಂಬ ಹೊರಡಲು ಸಿದ್ಧವಾಗಿದೆ. ಕೂಡಲೇ ಅಡಿಹಲಗೆ ಗುಡಿಸಿ ಮೇಣದ ಹುಳು ಇದೆಯೇ ನೋಡಿ, ನೆರಳು ಸರಿಪಡಿಸಿ, ಎಳೆಮರಿಯ ಇನ್ನೊಂದು ಎರಿ ಕೊಡಿ.

ಜೇನು ತೆಗೆಯುವುದು ಯಾವಾಗ ಎಂದು ಈಗಲೇ ಕೇಳಬೇಡಿ. ಮೊದಲ ಹಂಗಾಮಿನ ಜೇನು ಅವುಗಳದು.

ಹಿಡಿಯದೆ ಬರಮಾಡಿಕೊಳ್ಳುವುದು

ಏಣಿ ಹತ್ತಲಾಗದವರಿಗೆ ಇದು ಒಳ್ಳೆಯ ದಾರಿ, ನನಗೆ ಇದೇ ಹೆಚ್ಚು ಇಷ್ಟ. ಖಾಲಿ ಪೆಟ್ಟಿಗೆಯೊಂದರ ಒಳಗೆ ಮೇಣ ಸವರಿ, ರೋಗವಿಲ್ಲದ ಕುಟುಂಬದ ಹಳೆಯ ಎರಿಯ ತುಂಡೊಂದನ್ನು ಅಂಟಿಸಿ, ಮಜ್ಜಿಗೆ ಹುಲ್ಲಿನ ಎಣ್ಣೆ ಎರಡು ತೊಟ್ಟು ಹಚ್ಚಿ. ನೊಣಗಳು ಬಾಗಿಲಲ್ಲಿ ಬೀಸುವ ಕರೆಯ ವಾಸನೆಗೆ ಇದು ಹತ್ತಿರ. ನೆರಳಿನ ಮರದಲ್ಲಿ ಆಳೆತ್ತರಕ್ಕಿಂತ ಮೇಲೆ ಅಲುಗದಂತೆ ಕಟ್ಟಿ. ಜೇನು ವಿಜ್ಞಾನಿ ಥಾಮಸ್ ಸೀಲಿ ಅವರ ಪ್ರಯೋಗಗಳಲ್ಲಿ ಮೆಲ್ಲಿಫೆರಾ ಹಿಂಡುಗಳು ಸುಮಾರು 40 ಲೀಟರ್ ಹಿಡಿಯುವ, ಬಾಗಿಲು ಚಿಕ್ಕದಿರುವ, ಎತ್ತರದಲ್ಲಿರುವ ಪೊಟರೆಯನ್ನು ಮೆಚ್ಚಿದ್ದವು. ತುಡುವೆಗೆ ಅದರ ಅರ್ಧ ಸಾಕು.

ಹಂಗಾಮಿಗೆ ಕೆಲವು ವಾರ ಮುಂಚೆಯೇ ಕಟ್ಟಿ, ವಾರಕ್ಕೊಮ್ಮೆ ನೋಡಿ: ಜೇಡ, ಇರುವೆ, ಮೇಣದ ಹುಳು ಸೇರಿದ್ದರೆ ಗುಡಿಸಿ. ಪರಾಗವಿಲ್ಲದ ಬರಿಗಾಲಿನ ನೊಣಗಳು ಬಾಗಿಲ ಸುತ್ತ, ಗೋಡೆಯ ಮೂಲೆ ಮೂಲೆಯಲ್ಲಿ ಅಳತೆ ತೆಗೆಯುವಂತೆ ಸುಳಿದಾಡುತ್ತಿದ್ದರೆ ಅವು ಮನೆ ನೋಡಲು ಬಂದವು. ಆಗ ಪೆಟ್ಟಿಗೆಯನ್ನು ಮುಟ್ಟಬೇಡಿ, ಹತ್ತಿರ ನಿಲ್ಲಲೂಬೇಡಿ. ಸಂಖ್ಯೆ ದಿನಕ್ಕೆ ಹೆಚ್ಚುತ್ತ ಹೋಗಿ, ಒಂದು ಬೆಳಿಗ್ಗೆ ಕಾಲಲ್ಲಿ ಪರಾಗ ಹೊತ್ತ ನೊಣಗಳು ಒಳಗೆ ಹೋಗುವುದು ಕಂಡರೆ, ಹಿಂಡು ಬಂದು ಸೇರಿದೆ ಎಂದು ತಿಳಿಯಿರಿ. ಅಂದಿನಿಂದ ಹತ್ತು ದಿನ ಬಿಟ್ಟು ಮುಚ್ಚಳ ತೆರೆಯಿರಿ.